ನಕಲಿ ಗಡಿಯಾರದ ಅಸಲಿ ಚರಿತ್ರೆ

ನ್ಯೂಯಾರ್ಕಿನ ಕೆನಾಲ್ ಸ್ಟ್ರೀಟ್ ಕಂಡವರಿಗೆಲ್ಲ ಗೊತ್ತು, ಅಲ್ಲಿ ಫುಟ್‌ಪಾತಿನ ಮೇಲೂ 'ರೋಲೆಕ್ಸ್' ಸಿಗುತ್ತದೆ. ಈ ದೇಶಕ್ಕೆ ಬಂದ ಹೊಸತರಲ್ಲಿ ನಾನೂ ಚೌಕಾಸಿ ಮಾಡಿ ಮೂವತ್ತು ಡಾಲರಿಗೆ ಒಂದನ್ನು ಕೊಂಡೆ. ನವಿಲು ನೋಡಿ ಕೆಂಬೂತ ಪುಕ್ಕ ಕೆದರಿದ ಹಾಗೆ, ಅದನ್ನು ಕಟ್ಟಿಕೊಂಡು ಕ್ಲೈಂಟ್ ಮೀಟಿಂಗಿಗೂ ಹೋದೆ! ಎದುರಿಗಿದ್ದ ಹಿರಿಯರು ಒಂದು ಕ್ಷಣ ನನ್ನ ಮಣಿಕಟ್ಟನ್ನೇ ನೋಡಿದರು. ಸೆಕೆಂಡಿನ ಮುಳ್ಳು ಟಿಕ್ ಟಿಕ್ ಎಂದು ಕುಪ್ಪಳಿಸುತ್ತಿತ್ತು. ಅಸಲಿ ಆಟೋಮ್ಯಾಟಿಕ್‌ನಲ್ಲಿ ಅದು ಜಾರಿದಂತೆ ಸಾಗುತ್ತದೆ ಎಂಬುದು ನನಗಾಗ ತಿಳಿದಿರಲಿಲ್ಲ. ಅವರು ಏನೂ ಅನ್ನಲಿಲ್ಲ. ಆದರೆ ಆಮೇಲೆ ನಾನು ಕೊಟ್ಟ ಒಂದೊಂದು ಅಂದಾಜನ್ನೂ ಎರಡೆರಡು ಸಲ ಕೆದಕಿ ಕೇಳಿದರು. ಆ ಪ್ರಾಜೆಕ್ಟ್ ನಮಗೆ ಸಿಗಲಿಲ್ಲ. ಗಡಿಯಾರದಿಂದಲೇ ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ.

ಆ ಮುಜುಗರದಿಂದ ಹುಟ್ಟಿದ ಕುತೂಹಲಕ್ಕೆ ಪುಸ್ತಕಗಳನ್ನು ತಿರುವಿದರೆ, ಈ ಕಳ್ಳಾಟಕ್ಕೆ ಮುನ್ನೂರು ವರ್ಷಗಳಿಗೂ ಮಿಕ್ಕ ಚರಿತ್ರೆ!

ಹದಿನೇಳನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಗಡಿಯಾರಗಳಿಗೆ ದೊಡ್ಡ ಹೆಸರು. ಥಾಮಸ್ ಟಾಂಪಿಯನ್ (1639–1713) ತನ್ನ ಗಡಿಯಾರಗಳಿಗೆ ಕ್ರಮಸಂಖ್ಯೆ ಹಾಕುತ್ತಿದ್ದ. ನಮ್ಮ ಸೀರಿಯಲ್ ನಂಬರಿನ ಮುತ್ತಜ್ಜ ಅನ್ನಿ. ಹೊರದೇಶಗಳಲ್ಲಿ ಇಂಗ್ಲಿಷ್ ಕವಚದೊಳಗೆ ಕಳಪೆ ಯಂತ್ರ ತುಂಬಿ ಮಾರುವುದನ್ನು ತಡೆಯಲು 1698ರಲ್ಲಿ ಇಂಗ್ಲೆಂಡ್ ಕಾನೂನನ್ನೇ ತಂದಿತು: ಖಾಲಿ ಕವಚ ರಫ್ತು ಮಾಡಕೂಡದು, ಗಡಿಯಾರದ ಮೇಲೆ ತಯಾರಕನ ಹೆಸರೂ ಊರೂ ಇರಬೇಕು. ಕಳ್ಳರು ಬಗ್ಗಿದರೇ? ಹೆಸರನ್ನೂ 'ಲಂಡನ್' ಎಂಬುದನ್ನೂ ತಾವೇ ಕೆತ್ತಿಕೊಂಡರು. ಇವಕ್ಕೆ 'ಡಚ್ ನಕಲು' ಎಂಬ ಹೆಸರು ಬಿದ್ದಿದೆ. ಆದರೆ ಇದರಲ್ಲಿ ಸ್ವಿಸ್ ಕೈಚಳಕವೂ ಇತ್ತೆಂದು ಸಂಶೋಧಕರ ಅಭಿಪ್ರಾಯ. ಇಂದು ನಕಲಿಯ ವಿರುದ್ಧ ಎಲ್ಲರಿಗಿಂತ ಗಟ್ಟಿಯಾಗಿ ಕೂಗುವವರೂ ಅವರೇ!

ಮುಂದಿನ ಸರದಿ ಅಬ್ರಹಾಂ ಲೂಯಿ ಬ್ರೆಗೆಯದು (1747–1823). ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಅಂಗಡಿಯಿಟ್ಟ ಈತನಿಗೆ ನೆಪೋಲಿಯನ್ ಕೂಡ ಗಿರಾಕಿ. ನಕಲಿಗಳ ಹಾವಳಿ ತಾಳಲಾರದೆ 1795ರ ಸುಮಾರಿಗೆ ಆತ ಒಂದು ಉಪಾಯ ಹೂಡಿದ. ಡಯಲ್ಲಿನ ಮೇಲೆ ಅತಿ ಸೂಕ್ಷ್ಮವಾಗಿ ಕೊರೆದ ಗುಪ್ತ ಸಹಿ. ನೇರ ನೋಡಿದರೆ ಕಾಣದು, ಓರೆಯಾಗಿ ಬೆಳಕು ಬಿದ್ದರಷ್ಟೇ ಕಂಡೀತು. ಜೊತೆಗೆ ಮಾರಾಟದ ವಿವರಗಳೆಲ್ಲ ಅಂಗಡಿಯ ಪುಸ್ತಕಗಳಲ್ಲಿ ದಾಖಲು. ಸಹಿ ಗಿರಾಕಿಯ ಕೈಯಲ್ಲಿ, ದಾಖಲೆ ಅಂಗಡಿಯಲ್ಲಿ, ಎರಡೂ ತಾಳೆಯಾದರೆ ಅಸಲಿ. ನಾವು ಡಿಜಿಟಲ್ ಸಿಗ್ನೇಚರ್ ಎಂದು ಬೀಗುವುದರ ಹಿಂದಿನ ಯೋಚನೆ ಇನ್ನೂರು ವರ್ಷ ಹಳೆಯದು!

ಕಾನೂನು ಭಾರತಕ್ಕೂ ಬಂತು. ಬ್ರಿಟನ್ನಿನ 1887ರ ಸರಕು ಗುರುತುಗಳ ಕಾಯಿದೆಯ ಬೆನ್ನಿಗೇ 1889ರಲ್ಲಿ ನಮ್ಮಲ್ಲೂ ಅಂಥದೊಂದು ಜಾರಿಯಾಯಿತು. ಸ್ವಿಟ್ಜರ್ಲೆಂಡಿನಲ್ಲಂತೂ 2008ರ ಜುಲೈಯಿಂದ ಸ್ವಂತಕ್ಕೆಂದು ತಂದ ನಕಲಿಯನ್ನೂ ಕಸ್ಟಮ್ಸಿನವರು ಕಿತ್ತುಕೊಳ್ಳಬಹುದು. ಆಫೀಸಿನ ಕೆಲಸಕ್ಕೆ ಜೂರಿಕ್‌ಗೆ ಹೊರಟವರು ಮಣಿಕಟ್ಟನ್ನೊಮ್ಮೆ ನೋಡಿಕೊಳ್ಳಿ.

ಇನ್ನು ನಮ್ಮ ಎಚ್.ಎಂ.ಟಿ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಹುಟ್ಟಿದ ಗಡಿಯಾರ ಕಾರ್ಖಾನೆಯ ಕಥೆ 2016ರ ಹೊತ್ತಿಗೆ ಮುಗಿಯಿತು. ಈಗ ಹಳೆಯ ಯಂತ್ರಕ್ಕೆ ಹೊಸ ಡಯಲ್ ಬಳಿದು 'ಅಸಲಿ ಹಳೆಯ ಎಚ್.ಎಂ.ಟಿ.' ಎಂದು ಮಾರುವವರಿದ್ದಾರೆ. ಬಡ ಗುಮಾಸ್ತರ ಗಡಿಯಾರಕ್ಕೂ ಆ ಭಾಗ್ಯ ಬಂತು!

ನನ್ನ ಕೈಯಲ್ಲೀಗ ಅಪ್ಪನ 'ಜನತಾ' ಇದೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಮೀಟಿಂಗಿನಲ್ಲಿ ಯಾರಾದರೂ ಅದನ್ನು ದಿಟ್ಟಿಸಿದರೆ ನಾನೇ ಮುಂದಾಗಿ ಬಿಚ್ಚಿ ತೋರಿಸುತ್ತೇನೆ.