ಗಂಗೂಬಾಯಿ ಹಾನಗಲ್ (1913–2009)
ಹಿಂದೂಸ್ತಾನಿ ಗಾಯಕಿ, ಕಿರಾನಾ ಘರಾಣೆ. ಹುಟ್ಟಿದ್ದು ಧಾರವಾಡದಲ್ಲಿ; ಹೆಸರಿಗಂಟಿದ ಹಾನಗಲ್ ಈಗಿನ ಹಾವೇರಿ ಜಿಲ್ಲೆಯ ಊರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. 1924ರ ಬೆಳಗಾವಿ ಕಾಂಗ್ರೆಸ್‌ ಅಧಿವೇಶನದಲ್ಲಿ ಗಾಂಧೀಜಿಯೆದುರು ಸ್ವಾಗತಗೀತೆ ಹಾಡಿದ ಬಾಲಕಿ ಇವರೇ. 1930ರ ದಶಕದ ಎಚ್‌ಎಂವಿ ಗ್ರಾಮಫೋನ್ ತಟ್ಟೆಗಳ ಮೇಲೆ ಇವರ ಹೆಸರು ‘ಗಾಂಧಾರಿ’; ಗಾಯಕ ಜಿ.ಎನ್. ಜೋಶಿಯವರ ಜೊತೆಗಿನ ಮರಾಠಿ ಯುಗಳಗೀತೆಗಳೂ ಅವುಗಳಲ್ಲಿದ್ದವು. ಆಗಿನದು ತೆಳುವಾದ, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಡುಸಾಯಿತು. ಹಳೆಯ ತಟ್ಟೆ ಕೇಳಿದವರಿಗೆ ಗುರುತು ಹತ್ತುವುದು ಕಷ್ಟ. ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಗಾಯಕ ಸವಾಯಿ ಗಂಧರ್ವರಲ್ಲಿ ಕಲಿತರು. ರೇಡಿಯೋದಲ್ಲಿ ಠುಮ್ರಿ, ಭಜನೆಗಳನ್ನೂ ಹಾಡುತ್ತಿದ್ದವರು 1945ರ ನಂತರ ಖಯಾಲನ್ನೇ ನೆಚ್ಚಿಕೊಂಡರು. ಪದ್ಮಭೂಷಣ 1971, ಪದ್ಮವಿಭೂಷಣ 2002. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಇವರ ಹೆಸರಿದೆ.