ಹೇನು ತಿಂದ ಹುಳುಗಳು

ಹುಮನಾಬಾದ್, ಬಸವಕಲ್ಯಾಣದ ಹಿತ್ತಲಲ್ಲಿ ನಿಂಬೆ, ದಾಳಿಂಬೆ ಚಿಗುರಿಗೆ ಹೇನು ಬಿದ್ದರೆ ನಾವು ಮೊದಲು ಹುಡುಕುವುದು ಔಷಧಿ ಡಬ್ಬಿ. ಕಬ್ಬಿನ ಇತಿಹಾಸ ಬೇರೆ ಪಾಠ ಹೇಳುತ್ತದೆ.

2002ರಲ್ಲಿ ಸಾಂಗ್ಲಿ ಕಡೆ ಕಂಡ ಬಿಳಿ ಉಣ್ಣೆ ಹೇನು ಬೇಗನೆ ಉತ್ತರ ಕರ್ನಾಟಕದ ಕಬ್ಬಿಗೂ ಹರಡಿತು. ಎಲೆಯಡಿ ಕೂತು ರಸ ಹೀರಿತು, ಅದರ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯಿತು. ಆಳೆತ್ತರದ ಕಬ್ಬಿನೊಳಗೆ ಹೊಕ್ಕು ಔಷಧಿ ಹೊಡೆಯುವುದೇ ಕಷ್ಟವಾಗಿತ್ತು. ಹತೋಟಿಗೆ ನೆರವಾದದ್ದು ಹೇನು ತಿನ್ನುವ ಡೀಫಾ ಪತಂಗದ ಮರಿಹುಳು ಮತ್ತು ಮೈಕ್ರೋಮಸ್ ಕೀಟ. ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಇವನ್ನು ಸಾಕಿ ಹೊಲಕ್ಕೆ ಬಿಡುವ ಕೆಲಸ ಮಾಡಿತು.

ಹಣ್ಣಿನ ಗಿಡದ ಹೇನು ಬೇರೆ ಜಾತಿಯದು. ಅದನ್ನು ತಿನ್ನುವ ಗುಲಗಂಜಿ ಹುಳು ನಮ್ಮ ಹಿತ್ತಲಲ್ಲೇ ಇದೆ. ಕಂಡಕಂಡಾಗ ವಿಷ ಹೊಡೆದರೆ ಮೊದಲು ಸಾಯುವುದು ಅದೇ. ಚಿಗುರಿಗೆ ಜೋರಾಗಿ ನೀರು ಹಾಯಿಸೋಣ, ಹೇನು ಕಾಯುವ ಇರುವೆ ಗಿಡ ಹತ್ತದಂತೆ ನೋಡೋಣ. ಡಬ್ಬಿ ಕೊನೆಗಿರಲಿ.