‘ಬಾಗ್ಲಾ ತೆಗಿ’ ಅಂದ್ರೆ ಕಂಪ್ಯೂಟರ್‌ಗೆ ತಿಳಿಯುತ್ತಾ? ಅಕ್ಷರದ ಆಟಗಳು ಮತ್ತು ಅವುಗಳ ಮೊದಲ ಆಟಗಾರರು

ಬಳ್ಳಾರಿ ಕೋಟೆ ಬಗ್ಗೆ ಒಂದು ಕಥೆ ಹೇಳ್ತಾರೆ, ನೀವೂ ಕೇಳಿರಬಹುದು. 18ನೇ ಶತಮಾನದಲ್ಲಿ ಹೈದರ್ ಅಲಿ ಬಳ್ಳಾರಿಯನ್ನು ವಶಕ್ಕೆ ತಗೊಂಡ ಮೇಲೆ ಒಬ್ಬ ಫ್ರೆಂಚ್ ಎಂಜಿನಿಯರ್ ಕೈಯಲ್ಲಿ ಕೋಟೆ ಕೆಲಸ ಮಾಡಿಸಿದನಂತೆ. ಗೋಡೆ, ಬುರುಜು ಎಲ್ಲಾ ಮುಗೀತು. ಆಮೇಲೆ ನೋಡಿದ್ರೆ, ಎದುರಿಗಿರೋ ಕುಂಬಾರ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರ! ಶತ್ರು ಅಲ್ಲಿ ಫಿರಂಗಿ ಇಟ್ಟರೆ ಕೋಟೆ ಕಥೆ ಮುಗೀತು. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರ್‌ನನ್ನು ಗಲ್ಲಿಗೆ ಹಾಕಿಸಿದ ಅಂತ ಜನ ಹೇಳ್ತಾರೆ.

ಇದು ದಂತಕಥೆ. ಆದರೆ ಇದರೊಳಗಿನ ಮಾತು ದೊಡ್ಡದು. ಕಟ್ಟಿದವನ ಕಣ್ಣಿಗೆ ಬೀಳದ ತಪ್ಪು ಹೊರಗಿಂದ ನೋಡಿದವರ ಕಣ್ಣಿಗೆ ಬಿತ್ತು. ಬಿದ್ದಿದ್ದು ಮಾತ್ರ ತೀರಾ ತಡವಾಗಿ, ಕಲ್ಲು ಕೂತ ಮೇಲೆ.

ಇವತ್ತು ನಾವು ಮಾತಾಡೋದು ಇನ್ನೊಂದು ತರದ ಕಟ್ಟಡದ ಬಗ್ಗೆ. ಟೆಕ್ಸ್ಟ್ ಅಡ್ವೆಂಚರ್ ಗೇಮ್, ಅಂದ್ರೆ ಬರೀ ಅಕ್ಷರದಲ್ಲಿ ನಡೆಯೋ ಸಾಹಸದ ಆಟ. ಚಿತ್ರ ಇಲ್ಲ, ಸದ್ದಿಲ್ಲ. ‘ನೀವು ಒಂದು ಗುಹೆಯ ಬಾಯಲ್ಲಿ ನಿಂತಿದ್ದೀರಿ’ ಅಂತ ಪರದೆ ಹೇಳುತ್ತೆ. ನೀವು ‘ಒಳಗೆ ಹೋಗು’ ಅಂತ ಟೈಪ್ ಮಾಡ್ತೀರಿ. ಆಟ ಮುಂದಿನ ಜಾಗ ತೋರಿಸುತ್ತೆ. ಇಂಥ ಆಟವನ್ನು ಅರ್ಧಂಬರ್ಧ ಇದ್ದಾಗಲೇ ಬೇರೆಯವರ ಕೈಗೆ ಕೊಟ್ಟು ‘ಹೇಗಿದೆ ಹೇಳಿ’ ಅಂತ ಕೇಳೋದಕ್ಕೂ ಒಂದು ಇತಿಹಾಸ ಇದೆ.

ಅದು ಶುರುವಾಗೋದು ಅಮೆರಿಕದಲ್ಲಿ, 1975-76ರ ಹೊತ್ತಿಗೆ. ವಿಲ್ ಕ್ರೌಥರ್ ಅನ್ನೋ ಪ್ರೋಗ್ರಾಮರ್ ಇಂದಿನ ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್ ಕಟ್ಟಿದ ತಂಡದಲ್ಲಿದ್ದವರು. ಬಿಡುವಿನಲ್ಲಿ ಗುಹೆ ಸುತ್ತೋರು. ಅವರೂ ಅವರ ಪತ್ನಿ ಪೆಟ್ರೀಷಿಯಾ ಕ್ರೌಥರ್ ಅವರೂ ಕೆಂಟಕಿಯ ಮ್ಯಾಮತ್ ಗುಹೆಗಳ ನಕ್ಷೆ ಮಾಡೋ ಕೆಲಸದಲ್ಲಿ ಇದ್ದವರು. ದಾಂಪತ್ಯ ಮುರಿದ ಸಮಯದಲ್ಲಿ ಕ್ರೌಥರ್ ತಮ್ಮ ಇಬ್ಬರು ಹೆಣ್ಣುಮಕ್ಕಳಿಗಾಗಿ ಒಂದು ಆಟ ಬರೆದರು. ಕಂಪ್ಯೂಟರ್ ಗೊತ್ತಿಲ್ಲದವರೂ ಹೆದರದೆ ಆಡಬೇಕು, ಸಾಮಾನ್ಯ ಮಾತಿನಲ್ಲೇ ಹೇಳಬೇಕು ಅನ್ನೋದು ಅವರ ಆಸೆ. ಎರಡೇ ಪದದ ಅಪ್ಪಣೆ: ‘ದೀಪ ತಗೊ’ ಅಂದ ಹಾಗೆ. ಅದನ್ನು ಮೊದಮೊದಲು ಆಡಿದವರು ಮಕ್ಕಳು. ಅವರಿಗೆ ಬಹಳ ಇಷ್ಟವಾಯ್ತು.

ಆ ಆಟ ನೆಟ್‌ವರ್ಕ್‌ನಲ್ಲಿ ಊರೂರು ಸುತ್ತಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಕೈಗೆ ಸಿಕ್ಕಿತು. ಆಡಿದರು, ಖುಷಿಪಟ್ಟರು, ತಪ್ಪುಗಳನ್ನೂ ಕಂಡರು. ಸರಿಮಾಡೋಣ ಅಂದ್ರೆ ಬರೆದವರು ಎಲ್ಲಿದ್ದಾರೆ ಗೊತ್ತಿಲ್ಲ, ಹೆಸರು ಮಾತ್ರ ಗೊತ್ತು. ಆಗ ವುಡ್ಸ್ ಏನು ಮಾಡಿದರು ಗೊತ್ತಾ? ನೆಟ್‌ವರ್ಕ್‌ನಲ್ಲಿದ್ದ ಎಲ್ಲಾ ಕಂಪ್ಯೂಟರ್‌ಗಳಿಗೂ ‘ಕ್ರೌಥರ್’ ಹೆಸರಿಗೆ ಮೇಲ್ ಹಾಕಿದರು! ಒಂದು ಕಡೆಯಿಂದ ಉತ್ತರ ಬಂತು, ಕೋಡ್ ಕೂಡ ಸಿಕ್ಕಿತು. 1977ರಲ್ಲಿ ವುಡ್ಸ್ ಹೊಸ ಜಾಗ, ಹೊಸ ಒಗಟು ಸೇರಿಸಿ ದೊಡ್ಡದು ಮಾಡಿದ ಆಟವನ್ನೇ ಜಗತ್ತು ‘ಅಡ್ವೆಂಚರ್’ ಅಂತ ಗುರುತಿಸಿತು. ಯೋಚನೆ ಮಾಡಿ, ಒಬ್ಬ ಆಟಗಾರ ‘ಇಲ್ಲಿ ತಪ್ಪಿದೆ, ಸರಿ ಮಾಡ್ಲಾ?’ ಅಂತ ಕೇಳಿದ್ದರಿಂದ ಮನೆಮಕ್ಕಳ ಆಟ ಒಂದು ಪರಂಪರೆ ಆಯ್ತು.

ಅದೇ 1977ರಲ್ಲಿ ಎಂಐಟಿಯ ನಾಲ್ವರು, ಮಾರ್ಕ್ ಬ್ಲಾಂಕ್, ಡೇವ್ ಲೆಬ್ಲಿಂಗ್, ಟಿಮ್ ಆಂಡರ್ಸನ್, ಬ್ರೂಸ್ ಡೇನಿಯಲ್ಸ್, ‘ಝೋರ್ಕ್’ ಶುರು ಮಾಡಿದರು. ಅವರು ಆಟ ಪೂರ್ತಿ ಮುಗಿಯಲಿ ಅಂತ ಕಾಯಲಿಲ್ಲ. ಅದು ಅವರ ಕಂಪ್ಯೂಟರ್‌ನಲ್ಲೇ ಓಡ್ತಿತ್ತು. ದೂರದವರು ನೆಟ್‌ವರ್ಕ್ ಮೂಲಕ ಲಾಗಿನ್ ಆಗಿ ಆಡೋರು. ಜನ ಆಡ್ತಾ ಇದ್ದ ಹಾಗೇ ಆಟ ಬೆಳೀತು. ಎರಡು ಪದದ ಅಪ್ಪಣೆ ಸಾಲದು ಅಂತ ‘ಕತ್ತಿಯಿಂದ ರಾಕ್ಷಸನಿಗೆ ಹೊಡಿ’ ಅನ್ನೋ ತರದ ಪೂರ್ತಿ ವಾಕ್ಯವನ್ನೂ ಅರ್ಥ ಮಾಡ್ಕೊಳ್ಳೋ ಹಾಗೆ ಮಾಡಿದರು. 1979ರಲ್ಲಿ ಈ ಗುಂಪಿನ ಕೆಲವರು ಬೇರೆಯವರ ಜೊತೆ ಸೇರಿ ಇನ್ಫೋಕಾಮ್ ಅನ್ನೋ ಕಂಪನಿ ಕಟ್ಟಿದರು. ಅಲ್ಲಿ ಆಟ ಪರೀಕ್ಷೆ ಮಾಡೋಕೇ ಅಂತ ಪ್ರತ್ಯೇಕ ಜನ ಇದ್ದರು.

ಆ ಆಟಗಳಲ್ಲಿ ‘ಸ್ಕ್ರಿಪ್ಟ್’ ಅನ್ನೋ ಒಂದು ಅಪ್ಪಣೆ ಇತ್ತು. ಅದನ್ನು ಕೊಟ್ಟರೆ ಆಟಗಾರ ಟೈಪ್ ಮಾಡಿದ್ದು, ಆಟ ಉತ್ತರ ಕೊಟ್ಟಿದ್ದು ಎಲ್ಲಾ ಪ್ರಿಂಟರ್‌ಗೆ ಹೋಗ್ತಿತ್ತು. 1993ರಲ್ಲಿ ಗ್ರಹಾಂ ನೆಲ್ಸನ್ ‘ಇನ್‌ಫಾರ್ಮ್’ ಅನ್ನೋ ಸಾಧನ ಕೊಟ್ಟ ಮೇಲೆ ಯಾರು ಬೇಕಾದರೂ ಮನೆಯಲ್ಲೇ ಕೂತು ಇಂಥ ಆಟ ಬರೀಬಹುದು ಅಂತಾಯ್ತು. ಆಗಲೂ ಈ ಪದ್ಧತಿ ಉಳೀತು. ಆಡೋರು ಪೂರ್ತಿ ಆಟದ ದಾಖಲೆಯನ್ನು ಫೈಲ್‌ನಲ್ಲಿ ಉಳಿಸಿ ಬರೆದವರಿಗೆ ಕಳಿಸ್ತಾರೆ. ಮಧ್ಯೆ ಏನಾದರೂ ಹೇಳಬೇಕಾದರೆ ಸಾಲಿನ ಮುಂದೆ ಒಂದು ನಕ್ಷತ್ರ ಚಿಹ್ನೆ ಹಾಕಿ ‘ಇಲ್ಲಿ ಸಿಕ್ಕಿಹಾಕಿಕೊಂಡೆ’ ಅಂತ ಬರೀತಾರೆ.

ಈ ದಾಖಲೆ ಯಾಕೆ ಬೇಕು? ‘ಹೇಗಿತ್ತು?’ ಅಂತ ಗೆಳೆಯರನ್ನು ಕೇಳಿದ್ರೆ ‘ಸೂಪರ್ ಮಚ್ಚಾ’ ಅಂತಾರೆ. ಅದರಿಂದ ನಿಮಗೇನೂ ಗೊತ್ತಾಗಲ್ಲ. ದಾಖಲೆಯಲ್ಲಿ ದಾಕ್ಷಿಣ್ಯ ಇಲ್ಲ. ಅವರು ಎಲ್ಲಿ ನಿಂತರು, ಒಂದೇ ಬಾಗಿಲ ಮುಂದೆ ಎಷ್ಟು ಸಲ ತಡಕಾಡಿದರು, ಯಾವ ಪದ ಬಳಸಿದರು, ಎಲ್ಲಾ ಇರುತ್ತೆ.

ಯಾವ ಪದ ಬಳಸಿದರು ಅನ್ನೋದೇ ಕನ್ನಡಕ್ಕೆ ಬಂದಾಗ ಎಲ್ಲಕ್ಕಿಂತ ಮುಖ್ಯ. ನೀವೊಂದು ಕನ್ನಡ ಆಟ ಬರೀತಿದ್ದೀರಿ ಅಂದ್ಕೊಳ್ಳಿ. ಕುರುಗೋಡಿನ ಬೆಟ್ಟದ ಬುಡದಲ್ಲಿ ಕಥೆ ಶುರು. ಮುಂದೆ ಒಂದು ಹಳೇ ಬಾಗಿಲು. ಪಠ್ಯಪುಸ್ತಕದ ಕನ್ನಡದಲ್ಲಿ ನೀವು ‘ಬಾಗಿಲು ತೆರೆ’ ಅಂತ ಇಟ್ಟಿದ್ದೀರಿ. ಮೂರು ಜನಕ್ಕೆ ಆಡೋಕೆ ಕೊಟ್ಟಿರಿ. ನಡೆಯೋದು ಹೀಗಿರಬಹುದು:

> ಬಾಗ್ಲಾ ತೆಗಿ
ನಿಮ್ಮ ಮಾತು ಅರ್ಥವಾಗಲಿಲ್ಲ.

> ಬ್ಯಾಟ್ರಿ ಹಚ್ಚು
ನಿಮ್ಮ ಮಾತು ಅರ್ಥವಾಗಲಿಲ್ಲ.

> ನೆಲ್ಲಿನ ಚೀಲ ನೋಡು
ಅಂಥ ವಸ್ತು ಇಲ್ಲಿಲ್ಲ.

ಬಳ್ಳಾರಿ ಸಿಟಿ ಹುಡುಗಿ ಬಾಗಿಲನ್ನು ‘ತೆಗಿ’ ಅಂದಳು. ಕುರುಗೋಡಿನವನಿಗೆ ಟಾರ್ಚ್ ಅಂದ್ರೆ ‘ಬ್ಯಾಟ್ರಿ’. ಸಿರುಗುಪ್ಪದ ಗದ್ದೆ ಸೀಮೆಯವನಿಗೆ ಭತ್ತ ಅಂದ್ರೆ ‘ನೆಲ್ಲು’. ಮೂವರೂ ಸರಿಯಾದ ಕನ್ನಡವನ್ನೇ ಬರೆದರು. ಆಟ ಮಾತ್ರ ಅವರ ಮನೆಮಾತನ್ನು ತಪ್ಪು ಅಂತು. ಮೂರು ಸಲ ‘ಅರ್ಥವಾಗಲಿಲ್ಲ’ ಅನ್ನಿಸಿಕೊಂಡವರು ಫೋನ್‌ನಲ್ಲಿ ಬೇರೆ ಆ್ಯಪ್ ತೆಗೀತಾರೆ. ಅಷ್ಟೇ ಆಗಿದ್ರೆ ಒಂದು ಆಟ ಸೋತ ಹಾಗೆ. ಆದರೆ ಸಣ್ಣ ವಯಸ್ಸಿನ ಆಟಗಾರರ ಮನಸ್ಸಲ್ಲಿ ‘ಕಂಪ್ಯೂಟರ್‌ಗೆ ನಮ್ಮ ಕನ್ನಡ ನಡೆಯಲ್ಲ’ ಅನ್ನೋದು ಕೂತುಬಿಟ್ರೆ ನಷ್ಟ ಅದಕ್ಕಿಂತ ದೊಡ್ಡದು.

ಇಂಗ್ಲಿಷ್ ಆಟಕ್ಕೆ ಇಲ್ಲದ ತೊಡಕು ನಮ್ಮ ಭಾಷೆಗೆ ಇನ್ನೂ ಇವೆ. ‘ಗುಹೆಯೊಳಗೆ’, ‘ಗುಹೆ ಒಳಗ’, ‘ಗುಹೆಗೆ’ ಹೀಗೆ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತೆ. ‘ಪೆಟ್ಟಿಗೆ ತೆಗಿ’ ಅಂದ್ರೆ ಪೆಟ್ಟಿಗೆಯ ಮುಚ್ಚಳ ತೆರೆಯೋದಾ, ಪೆಟ್ಟಿಗೆಯನ್ನೇ ಅಲ್ಲಿಂದ ಸರಿಸೋದಾ? ಎರಡೂ ಇರಬಹುದು, ಆಟವೇ ತಿರುಗಿ ಕೇಳಬೇಕು. ಜೊತೆಗೆ ವಾಟ್ಸಾಪ್ ಅಭ್ಯಾಸದಿಂದ ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡ್ತಾರೆ. ಇನ್ನು ಯೂನಿಕೋಡ್‌ನಲ್ಲಿ ‘ತಗೊ’ ಪದದ ‘ಗೊ’ ಇದೆಯಲ್ಲ, ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎರಡು ಸಂಕೇತ ಜೋಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ‘ನಾರ್ಮಲೈಸೇಶನ್’ ಅನ್ನೋ ಹಂತ ಸೇರಿಸದಿದ್ರೆ ಕಂಪ್ಯೂಟರ್‌ಗೆ ಅವು ಎರಡು ಬೇರೆ ಪದ. ನಿಮ್ಮ ಫೋನ್‌ನಲ್ಲಿ ನಡೆದ ಅಪ್ಪಣೆ ಇನ್ನೊಬ್ಬರ ಕೀಬೋರ್ಡ್‌ನಲ್ಲಿ ನಡೆಯದೇ ಇರಬಹುದು. ಇದು ಒಬ್ಬರೇ ಕೂತು ಆಡಿ ನೋಡಿದ್ರೆ ಎಂದೂ ಗೊತ್ತಾಗಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ಒಂದು ಪದ ಈಗಾಗಲೇ ಇದೆ: ತಾಲೀಮು. ಬಯಲಾಟ ರಂಗಕ್ಕೆ ಬರೋ ಮುಂಚೆ ಎಷ್ಟೋ ರಾತ್ರಿ ತಾಲೀಮು ನಡೆಯುತ್ತೆ, ಮಾಸ್ತರರು ತಿದ್ದುತ್ತಾರೆ. ಒಂದು ವ್ಯತ್ಯಾಸ ಇದೆ. ಬಯಲಾಟದ ತಾಲೀಮಿನಲ್ಲಿ ತಿದ್ದೋರಿಗೆ ಇಡೀ ಆಟ ಗೊತ್ತು. ಅಕ್ಷರದ ಆಟದ ತಾಲೀಮಿಗೆ ಏನೂ ಗೊತ್ತಿಲ್ಲದವರೇ ಮಾಸ್ತರರು. ಒಮ್ಮೆ ಆಡಿದ ಮೇಲೆ ಒಗಟಿನ ಉತ್ತರ ತಿಳಿದುಬಿಡುತ್ತೆ, ಅವರು ಮತ್ತೆ ಮೊದಲ ಆಟಗಾರ ಆಗೋಕಾಗಲ್ಲ. ಅದಕ್ಕೇ ಇರೋ ಗೆಳೆಯರನ್ನೆಲ್ಲಾ ಒಂದೇ ದಿನ ಖರ್ಚು ಮಾಡಬೇಡಿ. ಇಬ್ಬರಿಗೆ ಕೊಡಿ, ತಿದ್ದಿ, ಆಮೇಲೆ ಇನ್ನಿಬ್ಬರಿಗೆ ಕೊಡಿ.

ಕೊಟ್ಟಾಗ ಪಕ್ಕದಲ್ಲಿ ಕೂತು ‘ಅಲ್ಲಲ್ಲ, ಎಡಕ್ಕೆ ಹೋಗು’ ಅನ್ನಬೇಡಿ. ಬಾಯಿ ಬಿಗಿಹಿಡಿದು ನೋಡಿ. ಆಟ ಬಿಡುಗಡೆ ಆದ ಮೇಲೆ ಪ್ರತಿ ಆಟಗಾರರ ಪಕ್ಕ ನೀವು ಇರಲ್ವಲ್ಲ. ಮುಗಿದ ಮೇಲೆ ‘ಚೆನ್ನಾಗಿತ್ತಾ?’ ಅನ್ನೋ ಬದಲು ‘ಈ ಬಾಗಿಲ ಹತ್ತಿರ ಏನು ಅಂದ್ಕೊಂಡಿದ್ದೆ?’ ಅಂತ ಕೇಳಿ. ಅವರು ಹೇಳೋ ಪರಿಹಾರ ಎಲ್ಲಾ ಒಪ್ಪಬೇಕಿಲ್ಲ, ಕಥೆ ನಿಮ್ಮದು. ಆದರೆ ಅವರು ಸಿಕ್ಕಿಹಾಕಿಕೊಂಡ ಜಾಗ ನಿಜ. ‘ಅರ್ಥವಾಗಲಿಲ್ಲ’ ಅಂತ ಆಟ ಹೇಳಿದ ಪ್ರತಿ ಸಾಲನ್ನೂ ಒಂದು ಪಟ್ಟಿ ಮಾಡಿ. ತೆರೆ, ತೆಗಿ, ತಗಿ. ಟಾರ್ಚು, ಬ್ಯಾಟ್ರಿ. ಭತ್ತ, ನೆಲ್ಲು. ಆ ಪಟ್ಟಿ ಬೆಳೆದಷ್ಟೂ ನಿಮ್ಮ ಆಟಕ್ಕೆ ಬರೋ ಕನ್ನಡ ಬೆಳೆಯುತ್ತೆ.

ಕ್ರೌಥರ್ ಬರೆದ ಮೂಲ ಕೋಡ್ ಕಳೆದೇಹೋಯ್ತು ಅಂತ ಬಹಳ ಕಾಲ ಅಂದುಕೊಂಡಿದ್ದರು. 2005ರಲ್ಲಿ ಅದು ಸ್ಟ್ಯಾನ್‌ಫರ್ಡ್‌ನ ಹಳೇ ಬ್ಯಾಕಪ್‌ನಲ್ಲಿ, ಡಾನ್ ವುಡ್ಸ್ ಅವರ ಖಾತೆಯಲ್ಲಿ ಸಿಕ್ಕಿತು. ಸಂಶೋಧಕ ಡೆನ್ನಿಸ್ ಜೆರ್ಜ್ 2007ರಲ್ಲಿ ಅದರ ಅಧ್ಯಯನ ಪ್ರಕಟಿಸಿದರು. ಅಂದ್ರೆ ಆಟದ ಮೊದಲ ರೂಪ ನಮಗೆ ಉಳಿದಿರೋದೇ ತಪ್ಪು ಹೇಳೋಕೆ ಮೇಲ್ ಹಾಕಿದ ಆ ಆಟಗಾರನಿಂದ. ನೀವು ಕನ್ನಡದಲ್ಲಿ ಆಟ ಬರೀತಿದ್ರೆ ನಿಮ್ಮ ಅರ್ಧಂಬರ್ಧ ಫೈಲನ್ನು ಈ ವಾರವೇ ಒಬ್ಬರಿಗೆ ಕಳಿಸಿ.